‘ಎ.ಎ.ಗೆ ಹೋಗಿ’ ಎಂದರೆ ಸಾಲದು, ಯಾವ ದಿನ, ಯಾವ ಬಸ್ಸಿಗೆ ಎಂದೂ ಹೇಳಿ

ಮಾನ್ಯ ಸಂಪಾದಕರೇ,

ಕೋಲಾರ ಜಿಲ್ಲೆಗೆ ಬರುವ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನಲ್ಲಿ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಎರಡು ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ. ಜಿಲ್ಲಾ ಪುಟದ ಮೂಲೆಯಲ್ಲಿ ‘ನಗರದಲ್ಲಿ ಇಂದು’ ಅಂಕಣವೂ ಇರುತ್ತದೆ. ಹರಿಕಥೆ, ಸನ್ಮಾನ, ಕಣ್ಣಿನ ತಪಾಸಣೆ ಶಿಬಿರ, ಎಲ್ಲದರ ವೇಳೆಯೂ ಸ್ಥಳವೂ ಅಲ್ಲಿ ಸಿಗುತ್ತದೆ. ಕುಡಿತ ಬಿಟ್ಟವರು, ಬಿಡಬೇಕೆಂದುಕೊಂಡವರು ವಾರಕ್ಕೊಮ್ಮೆ ಸೇರುವ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್‌ನ ಕೋಣೆಯ ವಿಳಾಸ ಮಾತ್ರ ಸಿಗುವುದಿಲ್ಲ. ಆ ಅಂಕಣದಲ್ಲಿ ಎರಡು ಸಾಲಿನ ಜಾಗ ಕೇಳಲು ಈ ಪತ್ರ. ಜೊತೆಗೆ, ಅಂಥ ಕೋಣೆ ಹುಡುಕಿಕೊಂಡು ಹೊರಟವರಿಗೂ ಕಳಿಸಿಕೊಡುವ ಮನೆಯವರಿಗೂ ಮೊದಲೇ ಗೊತ್ತಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆ ಬರೆದು, ಚೀಟಿ ಕೈಗೆ ಕೊಡುವಾಗ ‘ಎ.ಎ. ಮೀಟಿಂಗ್‌ಗೂ ಹೋಗಿ’ ಎನ್ನುತ್ತಾರೆ. ರೋಗಿ ‘ಆಯ್ತು ಸಾರ್’ ಎಂದು ತಲೆಯಾಡಿಸಿ ಹೊರಗೆ ಬರುತ್ತಾನೆ. ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ, ಮೀಟಿಂಗ್ ಎಲ್ಲಿ ಸಿಗುತ್ತದೆ? 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗವನ್ನು ನಮ್ಮ ವೈದ್ಯರ ಗಮನಕ್ಕೆ ತರಬೇಕು. ಅದರಲ್ಲಿದ್ದವರು 20 ಜನ. ಅರ್ಧ ಜನಕ್ಕೆ ಮೀಟಿಂಗ್‌ನ ಸ್ಥಳ, ವೇಳೆ ಹೇಳಿ ಹೋಗಲು ಸೂಚಿಸಿದರು. ಉಳಿದರ್ಧ ಜನರನ್ನು ಎದುರಿಗೆ ಕೂರಿಸಿಕೊಂಡೇ ಗುಂಪಿನ ಸದಸ್ಯನೊಬ್ಬನಿಗೆ ಫೋನ್ ಹಚ್ಚಿ, ಮಾತಾಡಿಸಿ, ಅವನೇ ಜೊತೆಯಾಗಿ ಕರೆದುಕೊಂಡು ಹೋಗುವಂತೆ ಏರ್ಪಾಡು ಮಾಡಿದರು. ಎರಡನೆಯ ಗುಂಪಿನ ಎಲ್ಲರೂ ಹೋದರು, ಮೊದಲ ಗುಂಪಿನ ಒಬ್ಬರೂ ಹೋಗಲಿಲ್ಲ. 20 ಜನರ ಲೆಕ್ಕ ಸಣ್ಣದು, ನಿಜ. ಆದರೆ ಚೀಟಿಗೂ ಫೋನಿಗೂ ಇರುವ ವ್ಯತ್ಯಾಸ ಅದರಲ್ಲಿ ಎದ್ದು ಕಾಣುತ್ತದೆ.

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ಶೇರು ವ್ಯವಹಾರದ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದಿಂದ ಬೇಸತ್ತವರು ಸೇರಿ ಶುರುಮಾಡಿದ್ದು. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ಫೀಸಿಲ್ಲ, ಅರ್ಜಿಯಿಲ್ಲ, ಆಧಾರ್ ಕಾರ್ಡ್ ಬೇಡ. ಇದು ಕೆಲಸ ಮಾಡುತ್ತದೆಯೇ ಎಂದು ಕೇಳುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳ 10,565 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ರೋಗಿಯನ್ನು ಎ.ಎ.ಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಬಿಟ್ಟಿದ್ದವರು ಸುಮಾರು 42%, ಬೇರೆ ಮಾನ್ಯ ಚಿಕಿತ್ಸೆಗಳಲ್ಲಿ 35%. ಪವಾಡವಲ್ಲ, ಆದರೆ ಬಿಟ್ಟಿಯಾಗಿ ಸಿಗುವ ವಸ್ತುವಿಗೆ ಈ ವ್ಯತ್ಯಾಸ ಕಡಿಮೆಯೂ ಅಲ್ಲ. ‘ಜೋಡಿಸುವ’ ಎಂಬ ಮಾತನ್ನು ಗಮನಿಸಿ.

ಮೀಟಿಂಗ್ ಹುಡುಕುವುದಕ್ಕೂ ಮೊದಲು ನೋಡಬೇಕಾದದ್ದು ಒಂದಿದೆ. ದಿನವೂ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಿ, ಒಂದು ನೈಂಟಿ ಬಿದ್ದ ಮೇಲೆ ನಿಲ್ಲುತ್ತದೆ ಎನ್ನುವವರು ಡಾಕ್ಟರನ್ನು ಕೇಳದೆ ಏಕಾಏಕಿ ಬಿಡಬಾರದು. 180 ಮಿ.ಲೀ. ಕ್ವಾರ್ಟರಿನ ಲೇಬಲ್ ಮೇಲೆ 42.8% ಎಂದಿದ್ದರೆ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ದಿನಕ್ಕೆ ಎರಡು ಕ್ವಾರ್ಟರು ವರ್ಷಗಟ್ಟಲೆ ಹೋದ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ. ನಿಲ್ಲಿಸಿದ 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆ ಮೇಲೆ ಇರುವೆ ಸಾಲು ಕಾಣುತ್ತದೆ, ಇಲ್ಲದವರ ದನಿ ಕೇಳುತ್ತದೆ. ಲಾರಿ ಡ್ರೈವರ್ ಹಾಸಿಗೆಯಲ್ಲಿ ಕೂತು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾನೆ, ರೇಷ್ಮೆ ನೂಲು ತೆಗೆಯುವವನು ಇಲ್ಲದ ಎಳೆಯನ್ನು ಬೆರಳಲ್ಲಿ ಹುಡುಕುತ್ತಾನೆ. ನಮ್ಮ ಕಡೆ ಇದನ್ನೇ ಗಾಳಿ ಸೋಕಿತು ಎಂದು ತಾಯಿತ ಕಟ್ಟಿಸಲು ಕರೆದೊಯ್ಯುತ್ತಾರೆ. ದೇವರ ಮುಂದೆ ಆಣೆ ಇಟ್ಟು ಬಿಟ್ಟ ಮೂರನೇ ರಾತ್ರಿ ಹೀಗಾದರೆ, ‘ಆಣೆ ತಪ್ಪಲು ನೋಡಿದ, ದೇವರು ತೋರಿಸಿದ’ ಎನ್ನುವವರೂ ಇದ್ದಾರೆ. ಇದು ದೆವ್ವವೂ ಅಲ್ಲ, ಶಾಪವೂ ಅಲ್ಲ. ಪ್ರಾಣಕ್ಕೆ ಎರವಾಗುವ ಕಾಯಿಲೆ. 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಅಭ್ಯಾಸ, ಸುಸ್ತಾದವನಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ‘ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸು’ವುದು. ಹೆಚ್ಚು ಕುಡಿಯುವವರಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಅದರ ಇಂಜೆಕ್ಷನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇರುವ ಚೂರುಪಾರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು: ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ನೆನಪು ಹೋಗುತ್ತದೆ. ಆದ್ದರಿಂದ ‘ದಿನಾ ಕುಡೀತಾರೆ ಸಾರ್’ ಎಂದು ಮೊದಲೇ ಹೇಳಿಬಿಡಬೇಕು, ಮುಚ್ಚಿಡಬಾರದು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ವಿಭಾಗ, ಟಮಕದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆರಡೂ ಜಿಲ್ಲೆಯವರ ಕೈಗೆಟಕುವಂಥವು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬಂದು ಹೋಗುತ್ತಾರೆ, ದಿನವನ್ನು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ. ನಡುಕ ಇಳಿಯಲು ಐದರಿಂದ ಹತ್ತು ದಿನ. ಆ ಹೊತ್ತಿನಲ್ಲೇ ಮೀಟಿಂಗ್ ಶುರುವಾದರೆ ಒಳ್ಳೆಯದು, ಬಿಡುಗಡೆಯಾಗಿ ತಿಂಗಳಾದ ಮೇಲಲ್ಲ.

ಈಗ ಹುಡುಕುವ ಮಾತು. ಮೊದಲು ಕೇಳಬೇಕಾದ್ದು ಮನೋವೈದ್ಯರ ವಿಭಾಗದ ಆಪ್ತ ಸಮಾಲೋಚಕರನ್ನು, ಸಮಾಜ ಕಾರ್ಯಕರ್ತರನ್ನು. ಸ್ಥಳೀಯ ಸದಸ್ಯರ ನಂಬರು ಬಹುಮಟ್ಟಿಗೆ ಅವರ ಹತ್ತಿರ ಇರುತ್ತದೆ. ಬೆಂಗಳೂರಿನ ಎ.ಎ. ಗುಂಪುಗಳ ಒಕ್ಕೂಟಕ್ಕೆ ಸಹಾಯವಾಣಿ ಇದೆ, ಸುತ್ತಲಿನ ಜಿಲ್ಲೆಗಳ ವಿಚಾರವನ್ನೂ ಅಲ್ಲಿ ಕೇಳಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುತ್ತದೆ. ವ್ಯಸನಕ್ಕೆಂದೇ ಇರುವ ಸರ್ಕಾರಿ ಸಹಾಯವಾಣಿ 14446. ಪಟ್ಟಿಯಲ್ಲಿ ಕಂಡ ವಿಳಾಸವನ್ನೇ ನಂಬಿ ಬಸ್ಸು ಹತ್ತಬೇಡಿ. ಗುಂಪುಗಳು ಕೋಣೆ ಬದಲಿಸುತ್ತವೆ, ದಿನ ಬದಲಿಸುತ್ತವೆ, ಕೆಲವು ಸದ್ದಿಲ್ಲದೆ ನಿಂತೂ ಹೋಗಿರುತ್ತವೆ. ಧೈರ್ಯ ಒಟ್ಟುಮಾಡಿಕೊಂಡು ಬಂದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಅಲ್ಲಿಂದ ವೈನ್ ಸ್ಟೋರಿಗೆ ನೂರು ಹೆಜ್ಜೆ. ಅದೇ ದಿನ ಬೆಳಿಗ್ಗೆ ಫೋನ್ ಮಾಡಿ ‘ಸಂಜೆ ನಡೆಯುತ್ತದಾ?’ ಎಂದು ಕೇಳಿಯೇ ಹೊರಡಬೇಕು.

ಆ ಫೋನಿನಲ್ಲಿ ಕೇಳಬೇಕಾದವು ಹೆಚ್ಚೇನಿಲ್ಲ. ಎಷ್ಟು ಹೊತ್ತಿಗೆ ಶುರು, ಎಷ್ಟಕ್ಕೆ ಮುಗಿಯುತ್ತದೆ. ಯಾವ ಭಾಷೆ. ಯಾರೂ ಬರಬಹುದಾದ ಮುಕ್ತ ಸಭೆಯೋ, ಕುಡಿತದ ಸಮಸ್ಯೆ ಇರುವವರಿಗೆ ಮಾತ್ರವಾದ ಮುಚ್ಚಿದ ಸಭೆಯೋ. ಬಸ್ ಸ್ಟ್ಯಾಂಡಿನಿಂದ ಗುರುತು ಏನು. ಹೆಂಗಸರು ಬರುತ್ತಾರಾ. ಕಡೆಯದು ಎಲ್ಲಕ್ಕಿಂತ ಮುಖ್ಯ: ‘ಗೇಟಿನ ಹತ್ತಿರ ಯಾರಾದರೂ ನಿಂತಿರುತ್ತೀರಾ?’ ಹಳೇ ಸದಸ್ಯರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಹೊಸಬರಿಗೆ ನೆರವಾಗುವುದು ಅವರ ಲೆಕ್ಕದಲ್ಲಿ ತಾವು ಕುಡಿಯದೆ ಉಳಿಯಲು ಅವರದೇ ಔಷಧಿ.

ಭಾಷೆಯ ವಿಷಯ ಕೋಲಾರದಲ್ಲಿ ಬೇರೆ ಜಿಲ್ಲೆಗಿಂತ ದೊಡ್ಡದು. ಕೆ.ಜಿ.ಎಫ್.ನಲ್ಲಿ ತಮಿಳು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು, ಕೋಲಾರ, ಮಾಲೂರಿನಲ್ಲಿ ಕನ್ನಡದ ಜೊತೆ ಎಲ್ಲವೂ. ಬ್ಯಾಂಕಿನಲ್ಲಿ, ಸಂತೆಯಲ್ಲಿ ಮೂರು ಭಾಷೆಯಲ್ಲೂ ಸರಾಗವಾಗಿ ವ್ಯವಹರಿಸುವವರು ನಾಚಿಕೆಯ ವಿಷಯಕ್ಕೆ ಬಂದಾಗ ಮನೆಮಾತಿಗೇ ಹೊರಳುತ್ತಾರೆ. ಹೆಂಡತಿಯ ತಾಳಿ ಅಡವಿಟ್ಟದ್ದನ್ನು ಇಂಗ್ಲಿಷಿನಲ್ಲಿ ಹೇಳಲಾಗದು. ಆದ್ದರಿಂದ ಗುಂಪಿನ ಓದು ಕನ್ನಡದಲ್ಲಿದ್ದರೂ ತೆಲುಗಿನಲ್ಲೋ ತಮಿಳಿನಲ್ಲೋ ಮಾತಾಡಲು ಬಿಡುತ್ತಾರೆಯೇ ಎಂದು ಕೇಳಿ. ಬಹಳ ಕಡೆ ಬಿಡುತ್ತಾರೆ.

ವೇಳೆ ಇನ್ನೊಂದು. ಹಸು ಕಟ್ಟಿದವರಿಗೆ ಸಂಜೆ ಆರರ ಆಸುಪಾಸು ಡೈರಿಗೆ ಹಾಲು ಹಾಕುವ ಹೊತ್ತು. ಆರಕ್ಕೆ ಶುರುವಾಗುವ ಮೀಟಿಂಗ್ ಅವರ ಪಾಲಿಗೆ ಇಲ್ಲದಂತೆಯೇ. ಕೋಲಾರದ ಟೊಮೆಟೊ ಮಂಡಿಯಲ್ಲಿ ಬೆಳಗಿನ ಜಾವದಿಂದ ದುಡಿದವರ ಕೈಗೆ ಮಧ್ಯಾಹ್ನಕ್ಕೆ ದುಡ್ಡು ಬರುತ್ತದೆ, ಹೊಟ್ಟೆ ಖಾಲಿ, ಮೈ ದಣಿದಿರುತ್ತದೆ, ಪಕ್ಕದಲ್ಲೇ ಅಂಗಡಿ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದಿದ್ದರೂ ಜಾಗ್ರತೆ ಎಂದು ಎ.ಎ.ಯಲ್ಲಿ ಹೇಳುವುದುಂಟು. ಮಂಡಿಯವನಿಗೆ ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕರಲ್ಲಿ ಎರಡಂತೂ ಇದ್ದೇ ಇರುತ್ತವೆ. ಅವನಿಗೆ ಸಂಜೆ ಏಳರ ಮೀಟಿಂಗ್ ತಡವಾಯಿತು. ಮಧ್ಯಾಹ್ನದ ಊಟ ಮತ್ತು ಒಂದು ಫೋನ್, ಆಮೇಲೆ ಸಂಜೆಯ ಮೀಟಿಂಗ್, ಹೀಗೆ ಹೊಂದಿಸಿಕೊಳ್ಳಬೇಕು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವವರು ಒಂದೇ ಗುಂಪನ್ನು ನೆಚ್ಚಿಕೊಂಡರೆ ಕೆಲವು ವಾರ ತಪ್ಪಿಯೇ ತಪ್ಪುತ್ತದೆ. ಬೇರೆ ದಿನ, ಬೇರೆ ಹೊತ್ತಿನ ಎರಡು ಗುಂಪುಗಳನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಮಾರಿಕುಪ್ಪಂ, ಬಂಗಾರಪೇಟೆ, ಮಾಲೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ವೈಟ್‌ಫೀಲ್ಡ್, ಕೆ.ಆರ್. ಪುರ, ದಂಡು ನಿಲ್ದಾಣಗಳ ಸುತ್ತ ಕೆಲಸದ ಜಾಗಕ್ಕೆ ಹತ್ತಿರದ ಮೀಟಿಂಗ್ ಹುಡುಕುವುದೇ ಜಾಣತನ. ಪರಿಚಯದವರು ಕಾಣುವ ಅಂಜಿಕೆಯೂ ಅಲ್ಲಿಲ್ಲ. ಭಾನುವಾರ, ರಜೆ ದಿನಕ್ಕೆ ಊರಿನಲ್ಲಿ ಒಂದು ಇರಲಿ, ಕುಡಿತ ಕಾಯುವುದೇ ಆ ದಿನಗಳಿಗೆ.

ಮೀಟಿಂಗ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಏಳಕ್ಕೆ ಶುರುವಾದರೆ ಎಂಟೂವರೆ. ಹಳ್ಳಿಗೆ ಕೊನೆ ಬಸ್ಸು ಎಂಟಕ್ಕಾದರೆ ನಡುವೆಯೇ ಎದ್ದು ಹೋಗಬೇಕಾಗುತ್ತದೆ, ಇಲ್ಲವೇ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿಹಾಕಿಕೊಳ್ಳಬೇಕಾಗುತ್ತದೆ. ಬಸ್ ಸ್ಟ್ಯಾಂಡಿನ ಸುತ್ತ ಏನೇನಿದೆ ಎಂದು ಕುಡಿಯುವವರಿಗೆ ಹೇಳಿಕೊಡಬೇಕಿಲ್ಲ. ಕೋಣೆಗೆ ಹೋಗುವ ದಾರಿಯನ್ನೂ ಹಗಲಲ್ಲಿ ಒಮ್ಮೆ ನಡೆದು ನೋಡಿ. ಹಳೇ ಅಡ್ಡಾದ ಮುಂದೆ ಹಾಯುವ ದಾರಿಯಾದರೆ ಸುತ್ತು ದಾರಿ ಹಿಡಿಯಿರಿ.

ಒಳಗೆ ಏನಾಗುತ್ತದೋ ಎಂಬ ಭಯ ಎಷ್ಟೋ ಜನರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಶಾಲೆಯ ಒಂದು ಕೊಠಡಿಯೋ ಚರ್ಚಿನ ಹಿಂದಿನ ಹಾಲೋ ಇರುತ್ತದೆ. ಚರ್ಚಿನ ಹಾಲಿನಲ್ಲಿ ನಡೆದ ಮಾತ್ರಕ್ಕೆ ಅದು ಮತಕ್ಕೆ ಸೇರಿದ್ದಲ್ಲ, ಬಾಡಿಗೆ ಕೊಟ್ಟು ಪಡೆದ ಜಾಗ ಅಷ್ಟೇ. ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ಮಡಿಕೆ ಬಿದ್ದ ಎರಡು ಬ್ಯಾನರ್, ಒಂದರಲ್ಲಿ ಕುಡಿತ ಬಿಡುವವರು ಅನುಸರಿಸುವ ಹನ್ನೆರಡು ಹೆಜ್ಜೆ, ಇನ್ನೊಂದರಲ್ಲಿ ಗುಂಪು ನಡೆಯುವ ರೀತಿ ಹೇಳುವ ಹನ್ನೆರಡು ಸಂಪ್ರದಾಯ. ಅಂದು ಸಭೆ ನಡೆಸುವವರು ಸರದಿಯ ಮೇಲೆ ಬರುವ ಸದಸ್ಯರು, ಗುರುವೂ ಅಲ್ಲ, ಡಾಕ್ಟರೂ ಅಲ್ಲ. ಒಂದು ನಿಮಿಷ ಮೌನ, ಚಿಕ್ಕ ಪ್ರಾರ್ಥನೆ, ಪುಸ್ತಕದಿಂದ ಒಂದೆರಡು ಪುಟ. ಆಮೇಲೆ ಒಬ್ಬೊಬ್ಬರೂ ಹೆಸರು ಹೇಳಿ, ತಾವು ಮದ್ಯವ್ಯಸನಿ ಎಂದು ಹೇಳಿ, ಐದು ನಿಮಿಷವೋ ಹತ್ತು ನಿಮಿಷವೋ ಮಾತಾಡುತ್ತಾರೆ. ಇದಕ್ಕೆ ಶೇರಿಂಗ್ ಎನ್ನುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ, ‘ಅದು ಹಾಗಲ್ಲ ಕಣಪ್ಪ’ ಎನ್ನುವಂತಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ಳೋಕೆ ಬಂದಿದ್ದೀನಿ’ ಅಂದರೆ ಸಾಕು, ಯಾರೂ ಒತ್ತಾಯಿಸುವುದಿಲ್ಲ. ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ಬರುತ್ತದೆ. ಹತ್ತು ರೂಪಾಯಿ ಹಾಕಬಹುದು, ಹಾಕದೆ ದಾಟಿಸಬಹುದು. ಬಾಡಿಗೆಗೂ ಟೀಗೂ ಅದೇ ಹಣ. ಹೊರಗಿನ ದೇಣಿಗೆಯನ್ನು ಎ.ಎ. ತೆಗೆದುಕೊಳ್ಳುವುದಿಲ್ಲ, ಶಾಸಕರು ಕೊಟ್ಟರೂ ಅಷ್ಟೇ.

ಕುಡಿದು ಹೋದರೆ ಒಳಗೆ ಬಿಡುತ್ತಾರಾ ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ, ಮೆಲ್ಲಗೆ. ಗಲಾಟೆ ಮಾಡದಿದ್ದರೆ ಬಹುತೇಕ ಗುಂಪುಗಳು ಕೂರಲು ಬಿಡುತ್ತವೆ, ಅಂದು ಮಾತಾಡದಿರಲು ಹೇಳುತ್ತವೆ.

ಮೀಟಿಂಗ್‌ನ ಸಾರ ಇರುವುದು ಅದರ ಎರಡೂ ಅಂಚಿನಲ್ಲಿ. ಹತ್ತು ನಿಮಿಷ ಮುಂಚೆ ಹೋಗಿ ಕುರ್ಚಿ ಜೋಡಿಸಿದವರು, ಮುಗಿದ ಮೇಲೆ ಟೀ ಲೋಟ ಹಿಡಿದು ಹತ್ತು ನಿಮಿಷ ನಿಂತವರು ಮತ್ತೆ ಬರುತ್ತಾರೆ. ಶುರುವಾದ ಮೇಲೆ ಒಳಗೆ ಬಂದು, ಕೊನೆಯ ಸಾಲಿನಲ್ಲಿ ಕೂತು, ಮುಗಿಯುವ ಮುನ್ನ ಚಪ್ಪಲಿ ಹುಡುಕುವವರು ಹೆಚ್ಚು ದಿನ ಬರುವುದಿಲ್ಲ. ಆ ಹತ್ತು ನಿಮಿಷದಲ್ಲಿ ಮೂವರ ನಂಬರು ತೆಗೆದುಕೊಳ್ಳಿ. ಮಾರನೇ ದಿನವೇ ಒಬ್ಬರಿಗೆ ಮಾಡಿ, ಅದೂ ಕುಡಿಯುವ ಹೊತ್ತಿಗೆ ಒಂದು ಗಂಟೆ ಮೊದಲು. ಬಾರಿನ ಮೆಟ್ಟಿಲ ಮೇಲೆ ನಿಂತು ಮಾಡುವ ಫೋನು ತಡವಾದ ಫೋನು. ಮೊದಲ ಸಲ ಚೆನ್ನಾಗಿರುವಾಗಲೇ ಮಾಡಿ ಅಭ್ಯಾಸವಾಗಿದ್ದರೆ ಮಾತ್ರ ಕಷ್ಟದ ದಿನ ಬೆರಳು ಆ ನಂಬರಿಗೆ ಹೋಗುತ್ತದೆ.

ಒಂದೇ ಮೀಟಿಂಗ್ ನೋಡಿ ‘ನಮಗಿದು ಆಗಲ್ಲ’ ಎಂದು ತೀರ್ಮಾನಿಸುವುದು ನಾವು ಕಂಡ ಅತಿ ದೊಡ್ಡ ತಪ್ಪು. ಗುಂಪುಗಳು ಊರಿನ ಹೋಟೆಲುಗಳಿದ್ದಂತೆ, ಬೋರ್ಡು ಒಂದೇ ಆದರೂ ಸಾರು ಬೇರೆ. ಒಂದರಲ್ಲಿ ನಿವೃತ್ತರೇ ಹೆಚ್ಚು, ಇನ್ನೊಂದರಲ್ಲಿ ಆಟೋ ಓಡಿಸುವ ಹುಡುಗರು. ಒಂದರಲ್ಲಿ ಓದು ಜಾಸ್ತಿ, ಒಂದರಲ್ಲಿ ಮಾತು. ಕನಿಷ್ಠ ಎರಡು ಮೂರು ಗುಂಪುಗಳಲ್ಲಿ ಸೇರಿ ಆರು ಸಲ ಕೂತ ಮೇಲೆ ತೀರ್ಮಾನಿಸಿ. 90 ದಿನದಲ್ಲಿ 90 ಮೀಟಿಂಗ್ ಎಂಬ ಹಳೇ ಮಾತೊಂದು ಎ.ಎ.ಯಲ್ಲಿದೆ. ಅದು ದಿನಕ್ಕೆ ಹತ್ತಾರು ಮೀಟಿಂಗ್ ಸಿಗುವ ಮಹಾನಗರದ ಲೆಕ್ಕ. ಶ್ರೀನಿವಾಸಪುರದ ಹಳ್ಳಿಯವನಿಗೆ ಅದನ್ನು ಹೇಳಿ ಹೆದರಿಸಬಾರದು. ವಾರಕ್ಕೆ ಎರಡು ಮೀಟಿಂಗ್‌ಗೆ ಹೋಗಿ, ಉಳಿದ ದಿನ ಒಂದು ಫೋನ್ ಅಥವಾ ಆನ್‌ಲೈನ್ ಮೀಟಿಂಗ್ ಇಟ್ಟುಕೊಂಡರೆ ಅದೇ ಉದ್ದೇಶ ಈಡೇರುತ್ತದೆ. ಆನ್‌ಲೈನ್‌ಗೆ ಸೇರುವ ಮುನ್ನ ಜೂಮ್‌ನಲ್ಲಿ ನಿಮ್ಮ ಹೆಸರು ಹೇಗೆ ಕಾಣುತ್ತದೆ ನೋಡಿಕೊಳ್ಳಿ. ಪೂರ್ತಿ ಹೆಸರು ಅಥವಾ ಅಂಗಡಿ ಹೆಸರು ತಾನಾಗಿ ಮೂಡಿರುತ್ತದೆ, ಅದನ್ನು ಅಳಿಸಿ ಒಂದು ಅಕ್ಷರ ಹಾಕಿ. ವಿಡಿಯೊ ಆಫ್ ಮಾಡಿದರೆ ಡೇಟಾ ಉಳಿಯುತ್ತದೆ, ಇಯರ್‌ಫೋನ್ ಹಾಕಿದರೆ ಬೇರೆಯವರ ಗುಟ್ಟೂ ಉಳಿಯುತ್ತದೆ.

ಸ್ಪಾನ್ಸರ್ ಎಂಬ ಮಾತು ಅಲ್ಲಿ ಕಿವಿಗೆ ಬೀಳುತ್ತದೆ. ದುಡ್ಡು ಕೊಡುವವನಲ್ಲ, ಹೊಸಬರಿಗೆ ದಾರಿ ತೋರುವ ಹಳಬರು. ವರ್ಷಕ್ಕಿಂತ ಹೆಚ್ಚು ಕಾಲ ಬಿಟ್ಟವರು, ತಮಗೂ ಒಬ್ಬ ಸ್ಪಾನ್ಸರ್ ಇರುವವರು, ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ಹೊಸದಾಗಿ ಬಂದ ಹೆಣ್ಣುಮಕ್ಕಳ ಮೇಲೆ ಕಣ್ಣು ಹಾಕುವವರನ್ನು ಕುರಿತು ‘ಹದಿಮೂರನೇ ಹೆಜ್ಜೆ’ ಎಂಬ ಕುಹಕದ ಮಾತು ಎ.ಎ.ಯೊಳಗೇ ಹುಟ್ಟಿದೆ ಎಂದರೆ ಆ ತೊಂದರೆ ಇಲ್ಲವೆಂದು ನಟಿಸಬೇಕಿಲ್ಲ. ಹೆಂಗಸರ ಕುಡಿತ ನಮ್ಮ ಊರುಗಳಲ್ಲಿ ಗಂಡಸರದಕ್ಕಿಂತ ಹತ್ತು ಪಟ್ಟು ಮುಚ್ಚಿಟ್ಟ ಗುಟ್ಟು. ಅವರಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ, ಆದರೆ ಸಂಜೆ ಏಳಕ್ಕೆ ಮನೆಯಿಂದ ಹೊರಡಲು ಏನು ಕಾರಣ ಹೇಳುವುದು? ಹೆಂಗಸರದೇ ಆನ್‌ಲೈನ್ ಮೀಟಿಂಗ್‌ನಿಂದ ಶುರುಮಾಡುವುದು, ಅಲ್ಲಿ ಸಿಕ್ಕ ಒಬ್ಬಾಕೆಯ ಜೊತೆ ಆಮೇಲೆ ಹೋಗುವುದು ಸುಲಭ.

ಮನೆಯವರು ಜೊತೆಗೆ ಬರುತ್ತೇವೆನ್ನುವುದು ಸಹಜ. ಮುಕ್ತ ಸಭೆಗೆ ಯಾರೂ ಬರಬಹುದು. ಮುಚ್ಚಿದ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಹೆಂಡತಿ ಪಕ್ಕದಲ್ಲಿ ಕೂತಿದ್ದರೆ ಗಂಡ ಬಾಯಿ ಬಿಡುವುದಿಲ್ಲ, ಬಿಟ್ಟರೆ ರಾತ್ರಿ ಮನೆಯಲ್ಲಿ ಅದರ ವಿಚಾರಣೆ. ಮೊದಲ ದಿನ ಮುಕ್ತ ಸಭೆಗೆ ಒಟ್ಟಿಗೆ ಹೋಗಿ, ಆಮೇಲೆ ಅವರ ಪಾಡಿಗೆ ಬಿಡುವುದು ವಾಸಿ. ಮನೆಯವರಿಗೆಂದೇ 1951ರಿಂದ ಅಲ್-ಅನಾನ್ ಎಂಬ ಬೇರೆ ಬಳಗವಿದೆ. ಗಂಡ ಇನ್ನೂ ಕುಡಿಯುತ್ತಿದ್ದರೂ ಹೆಂಡತಿ, ತಾಯಿ ಅಲ್ಲಿಗೆ ಹೋಗಬಹುದು. ಬಾಟ್ಲಿ ಹುಡುಕಿ ಮೋರಿಗೆ ಸುರಿಯುವುದು, ಬಾರಿನ ಸಾಲ ತೀರಿಸುವುದು, ಮೇಸ್ತ್ರಿಗೆ ‘ಜ್ವರ’ ಎಂದು ಸುಳ್ಳು ಹೇಳುವುದು ಇವುಗಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಅಲ್ಲಿ ತಿಳಿಯುತ್ತದೆ.

ಯಾವ ಗುಂಪನ್ನು ಬಿಡಬೇಕು? ಪ್ರವೇಶ ಫೀಸು ಕೇಳಿದರೆ, ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದರೆ, ಒಬ್ಬನೇ ಪ್ರತಿ ವಾರ ಮುಕ್ಕಾಲು ಗಂಟೆ ಭಾಷಣ ಮಾಡಿದರೆ, ಪುಡಿ ಮಾತ್ರೆ ಮಾರಿದರೆ ಅಲ್ಲಿಂದ ಏಳಿ. ‘ಮನೋವೈದ್ಯರ ಮಾತ್ರೆ ನಿಲ್ಲಿಸು, ಅದೂ ಒಂದು ಚಟವೇ’ ಎಂದು ಹೇಳಿದರೆ ಇನ್ನೂ ಬೇಗ ಏಳಿ. ಔಷಧಿ ವಿಷಯದಲ್ಲಿ ಮಾತಾಡುವ ಅಧಿಕಾರ ಗುಂಪಿಗಿಲ್ಲ. ಕೈಸಾಲ ಇನ್ನೊಂದು ಹುಳ. ಮೂರನೇ ವಾರಕ್ಕೆ ಐನೂರು ಸಾಲ ಕೇಳಿದವನೂ ಬರುವುದಿಲ್ಲ, ಕೊಟ್ಟವನೂ ಬರುವುದಿಲ್ಲ. ಇನ್ನು ಮೀಟಿಂಗ್ ಹೆಸರಿನಲ್ಲಿ ಕರೆದೊಯ್ದು ತಿಂಗಳುಗಟ್ಟಲೆ ಕೂಡಿಹಾಕುವ ಕೇಂದ್ರಗಳ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯವ್ಯಸನವೂ ಬರುತ್ತದೆ. ಅಂಥ ಕೇಂದ್ರ ನೋಂದಣಿಯಾಗಿರಬೇಕು. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ನೋಂದಣಿ ಪತ್ರ ತೋರಿಸಿ ಎಂದು ಬಾಗಿಲಲ್ಲೇ ಕೇಳಿ.

ಮೊದಲು ಹೇಳಿದ ‘ತಿಳಿಯದಂತೆ ಕುಡಿತ ಬಿಡಿಸಿ’ ಜಾಹೀರಾತಿನ ಗುಟ್ಟು ಪುಡಿಗೆ ಬರೋಣ. ಅದರಲ್ಲಿ ಏನಿದೆಯೆಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ, ಅದೇ ಮೊದಲ ಅಪಾಯ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಪುಡಿಮಾಡಿ ಮುದ್ದೆಯಲ್ಲೋ ಸಾರಿನಲ್ಲೋ ಬೆರೆಸಿಕೊಡುವ ಮನೆಗಳೂ ಉಂಟು. ಅದು ಒಳ್ಳೆಯ ಔಷಧಿಯೇ, ತಿಳಿದು ಒಪ್ಪಿ ತೆಗೆದುಕೊಳ್ಳುವವರಿಗೆ. ಕೊನೆಯ ಗುಟುಕಾಗಿ ಕನಿಷ್ಠ 12 ಗಂಟೆ ಕಳೆದಿರಬೇಕು. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ಬಿ.ಪಿ. ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಗೊತ್ತಿಲ್ಲದೆ ತಿಂದವನು ಎಚ್ಚರಿಕೆಯಿಂದ ಇರುವುದಾದರೂ ಹೇಗೆ? ಈ ಮಾತ್ರೆಯಲ್ಲಿರುವವರು ದ್ರಾಕ್ಷಾರಿಷ್ಟದಂಥ ಅರಿಷ್ಟಗಳನ್ನೂ ಕೆಲವು ಕೆಮ್ಮಿನ ಸಿರಪ್ಪುಗಳನ್ನೂ ಡಾಕ್ಟರಿಗೆ ತೋರಿಸದೆ ಕುಡಿಯಬಾರದು, ಅವುಗಳಲ್ಲೂ ಆಲ್ಕೊಹಾಲ್ ಇರುತ್ತದೆ.

ಎ.ಎ. ಎಲ್ಲರಿಗೂ ಒಗ್ಗುತ್ತದೆಂದು ನಾವು ವಾದಿಸುವುದಿಲ್ಲ. ‘ನಮಗಿಂತ ದೊಡ್ಡ ಶಕ್ತಿ’ಯ ಮಾತು ಅದರ ಹೆಜ್ಜೆಗಳಲ್ಲಿದೆ. ದೇವರನ್ನು ನಂಬದವರು ಗುಂಪನ್ನೇ ಆ ಶಕ್ತಿ ಎಂದು ತಿಳಿದು ಮುಂದುವರಿಯುವುದುಂಟು. ಅದೂ ಬೇಡವೆಂದರೆ 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ ದೇವರ ಮಾತಿಲ್ಲದೆ, ಯೋಚನೆಯ ಅಭ್ಯಾಸ ಬದಲಿಸುವ ಪಾಠಗಳ ಮೇಲೆ ನಡೆಯುತ್ತದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ಭಜನೆ, ದೇವರ ಆಸರೆ ಬೇಕೆನ್ನುವವರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳಿವೆ. ಶಿಬಿರದ ಸಮಾರೋಪಕ್ಕೆ ಸೇರುವ ಜನ ಆಮೇಲೆ ನಡೆಯುವ ನವಜೀವನ ಸಮಿತಿ ಸಭೆಗಳನ್ನು ಮರೆಯುತ್ತಾರೆ, ಆದರೆ ನಿಜವಾದ ಕೆಲಸ ಅಲ್ಲಿಯದು. ಎಂಟು ದಿನ ಕುಡಿಯದಿರುವುದು ನಮ್ಮವರಿಗೆ ಹೊಸದಲ್ಲ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಒಂದು ಹನಿ ಮುಟ್ಟದವರು, ಮಾಲೆ ತೆಗೆದ ದಿನವೇ ಬಾರಿಗೆ ಹೋಗುವುದನ್ನು ಯಾವ ಊರು ಕಂಡಿಲ್ಲ? ಮಾಲೆಯಲ್ಲಿ ಇದ್ದದ್ದು ಜೊತೆಯ ಸ್ವಾಮಿಗಳು, ಸಂಜೆಯ ಪೂಜೆ, ಹೊತ್ತಿಗೊಂದು ಕೆಲಸ. ತೆಗೆದ ಮಾರನೇ ಸಂಜೆ ಆರಕ್ಕೆ ಇವು ಮೂರೂ ಇರುವುದಿಲ್ಲ. ಆ ಸಂಜೆಗೆ ಒಂದು ಮೀಟಿಂಗ್ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಬೇಕು.

ಹಾಗೆಯೇ ವರ್ಷದ ಕೆಲವು ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಯುಗಾದಿಯ ಮಾರನೇ ದಿನದ ಹೊಸತೊಡಕು, ಊರ ಜಾತ್ರೆ, ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವಾಗ ಬಾಡಿನ ಜೊತೆ ಕ್ವಾರ್ಟರು ಇಡುವ ಮನೆಗಳಲ್ಲಿ ಆ ಬಾಟ್ಲಿ ಆಮೇಲೆ ಯಾರ ಪಾಲು ಎಂಬುದನ್ನು ಬೆಳಿಗ್ಗೆಯೇ ತೀರ್ಮಾನಿಸಬೇಕು. ಬಿಟ್ಟವರ ಮನೆಯಲ್ಲಿ ಹಿರಿಯರು ಒಂದು ವರ್ಷ ಕಾಫಿಗೆ ಒಪ್ಪಿಕೊಂಡಾರು. ಮತ್ತೆ ಕುಡಿದರೆ, ಅದಕ್ಕೆ ಅಲ್ಲಿ ಸ್ಲಿಪ್ ಎನ್ನುತ್ತಾರೆ, ಮಾರನೇ ಮೀಟಿಂಗ್‌ಗೆ ಹೋಗಿ ಹೇಳಿಬಿಡಿ. ನಾಚಿಕೆಯಿಂದ ಎರಡು ವಾರ ತಪ್ಪಿಸಿಕೊಂಡವರು ಮತ್ತೆ ಬರುವುದು ಕಷ್ಟ.

ಹತ್ತಿರದಲ್ಲಿ ಗುಂಪೇ ಇಲ್ಲದಿದ್ದರೆ? ಇಬ್ಬರು ಮೂವರು ಸೇರಿದರೂ ಗುಂಪೇ ಎಂಬುದು ಎ.ಎ.ಯ ಸಂಪ್ರದಾಯ. ಒಂದು ಕೋಣೆ, ಆರು ಕುರ್ಚಿ, ಕನ್ನಡದ ಪುಸ್ತಕ, ಹತ್ತು ಜನಕ್ಕೆ ಒಂದು ಲೀಟರ್ ಹಾಲಿನ ಟೀ. ಸಮುದಾಯ ಭವನ ಬೇಡ, ಮದುವೆ ತಿಂಗಳುಗಳಲ್ಲಿ ಸಿಗದೆ ಮೂರು ವಾರ ತಪ್ಪಿದರೆ ಗುಂಪು ಚದುರುತ್ತದೆ. ಶಾಲೆಯ ಕೊಠಡಿಯಾದರೆ ಪರೀಕ್ಷೆ, ಚುನಾವಣೆ ದಿನಗಳಿಗೆ ಬದಲಿ ಜಾಗ ನೋಡಿಡಿ. ಮಳೆಯಿರಲಿ, ಬಂದ್ ಇರಲಿ, ಒಬ್ಬರೇ ಬಂದರೂ ಹೇಳಿದ ಹೊತ್ತಿಗೆ ಬೀಗ ತೆಗೆದು ಒಂದು ಗಂಟೆ ಕೂರುವವರು ಒಬ್ಬರಿರಬೇಕು. ಕೀಲಿ ಇಬ್ಬರ ಹತ್ತಿರ ಇರಲಿ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ವಾರಕ್ಕೊಮ್ಮೆ, ಸೋಮವಾರದ ಜಿಲ್ಲಾ ಪುಟದಲ್ಲಾದರೆ ಅನುಕೂಲ, ಜಿಲ್ಲೆಯ ಇಂಥ ಸಭೆಗಳ ದಿನ, ವೇಳೆ, ಸ್ಥಳದ ಗುರುತು, ಭಾಷೆ, ಮುಕ್ತವೋ ಮುಚ್ಚಿದ್ದೋ, ಗುಂಪಿನ ಫೋನ್ ನಂಬರು ಇಷ್ಟನ್ನು ಪ್ರಕಟಿಸಿ. ಅಚ್ಚಿಗೆ ಹೋಗುವ ಮುನ್ನ ನಿಮ್ಮ ವರದಿಗಾರರು ಆ ನಂಬರಿಗೆ ಒಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಲಿ. ಮದ್ಯವರ್ಜನ ಶಿಬಿರದ ಸುದ್ದಿ ಹಾಕುವಾಗ ಶಿಬಿರಾರ್ಥಿಗಳ ಮುಖ ಕಾಣುವ ಚಿತ್ರ ಬೇಡ, ವೇದಿಕೆ ಮೇಲಿನವರದು ಸಾಕು. ಗುಟ್ಟು ಪುಡಿಯ ಜಾಹೀರಾತನ್ನು ನಿಲ್ಲಿಸಲಾಗದಿದ್ದರೆ, ಅದೇ ಪುಟದಲ್ಲಿ 14416 ಎಂಬ ಐದು ಅಂಕಿಗಳಿಗೆ ಜಾಗ ಕೊಡಿ.

ಪತ್ರಿಕೆಯಲ್ಲಿ ಹೆಸರು ಹಾಕಿಕೊಳ್ಳದಿರುವುದು ಎ.ಎ.ಯ ಹನ್ನೊಂದನೇ ಸಂಪ್ರದಾಯ, ಹಾಗಾಗಿ ನಮ್ಮ ಹೆಸರುಗಳಿಲ್ಲ. ಹೊರಗಿನ ವಿಷಯಗಳಲ್ಲಿ ಎ.ಎ. ಅಭಿಪ್ರಾಯ ಹೇಳುವುದಿಲ್ಲವಾದ್ದರಿಂದ, ಜಾಹೀರಾತು, ಶಿಬಿರ, ಔಷಧಿಗಳ ಕುರಿತ ಮಾತುಗಳು ನಮ್ಮವು, ಸಂಸ್ಥೆಯವಲ್ಲ.

ಇಂತಿ,
ಕೋಲಾರ ಮತ್ತು ಬಂಗಾರಪೇಟೆಯ ಕೆಲವು ಓದುಗರು